ಪಡಾಕ್ ಕಟ್ಟಿಗೆಯ ಮುಂಬಾಗಿಲು: ನಮ್ಮ ಬಿಸಿಲಿಗೆ ಹೊಂದುವಂತೆ ಆರಿಸಿ, ಒಣಗಿಸಿ, ಕೂರಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆ ಕಟ್ಟುವವರು ಮುಂಬಾಗಿಲಿಗೆ ಮೊದಲು ಕೇಳುವುದು ಸಾಗವಾನಿ. ದರ ಕೇಳಿದ ಮೇಲೆ ಅಂಗಡಿಯವರು ತೋರಿಸುವುದು ಕೆಂಪಗೆ ಹೊಳೆಯುವ ಆಫ್ರಿಕಾದ ಪಡಾಕ್. ಕಟ್ಟಿಗೆ ನಿಜಕ್ಕೂ ಒಳ್ಳೆಯದು. ಆದರೂ ಪಡಾಕ್ ಬಾಗಿಲಿನ ಬಗ್ಗೆ ದೂರು ಕೇಳಿಬರುತ್ತದೆ: ಮೇ ತಿಂಗಳಲ್ಲಿ ಹಲಗೆ ಸಂದು ಬಿಟ್ಟಿತು, ಸೆಪ್ಟೆಂಬರ್‌ನಲ್ಲಿ ಕದ ಹಿಡಿಯಿತು, ಕೆಂಪು ಬಣ್ಣ ಹೋಗಿ ಕಂದು ಬಂತು. ಇದರಲ್ಲಿ ಮೊದಲೆರಡು ಮರದ ತಪ್ಪಲ್ಲ. ಕರಾವಳಿಯ ತೇವ ಹೊತ್ತು ಬಂದ ಕಟ್ಟಿಗೆಯನ್ನು ಇಲ್ಲಿನ ಹವೆಗೆ ಹೊಂದಿಸದೆ ಬಾಗಿಲು ಮಾಡಿದ್ದರ ಫಲ. ಮೂರನೆಯದು ಈ ಮರದ ಸ್ವಭಾವ, ಅದನ್ನು ಮೊದಲೇ ತಿಳಿದುಕೊಂಡೇ ಕೊಳ್ಳಬೇಕು.

ಇದು ಯಾವ ಮರ

ಪಡಾಕ್‌ನ ಸಸ್ಯನಾಮ ಟೆರೋಕಾರ್ಪಸ್ ಸೊಯಾಕ್ಸಿ. ಕ್ಯಾಮರೂನ್, ಗ್ಯಾಬೊನ್, ನೈಜೀರಿಯಾ, ಕಾಂಗೊ ದೇಶಗಳ ಮಳೆಕಾಡಿನ ಮರ. ನಮ್ಮ ಹೊನ್ನೆ, ರಕ್ತಚಂದನ, ಅಂಡಮಾನಿನ ಪಡಾಕ್ ಎಲ್ಲ ಇದೇ ಕುಲಕ್ಕೆ ಸೇರಿದವು. ಕಾಂಗೊ ಸೀಮೆಯಲ್ಲಿ ಈ ಕುಲದ ಮರಗಳ ತಿರುಳನ್ನು ಅರೆದು ಕೆಂಪು ಪುಡಿ ಮಾಡಿ ಮೈಗೆ, ಬಟ್ಟೆಗೆ ಬಳಿಯುವ ಪದ್ಧತಿ ಹಳೆಯದು. ಆ ಬಣ್ಣದ ಗುಣವೇ ನಮ್ಮ ಬಡಿಗರಿಗೆ ಪಾಲಿಶ್ ಹೊತ್ತಿನಲ್ಲಿ ತೊಂದರೆ ಕೊಡುವುದು.

ಅಂಗಡಿಯಲ್ಲಿ ಹೆಸರುಗಳ ಗೊಂದಲ ಬಹಳ. ಘಾನಾ ಸಾಗವಾನಿ, ನೈಜೀರಿಯಾ ಸಾಗವಾನಿ ಎಂದು ಮಾರುವುದು ಬಹುಮಟ್ಟಿಗೆ ನಮ್ಮದೇ ಸಾಗವಾನಿಯ ಜಾತಿ, ಆಫ್ರಿಕಾದ ತೋಟಗಳಲ್ಲಿ ಬೆಳೆಸಿದ್ದು. 'ಆಫ್ರಿಕನ್ ಟೀಕ್' ಎಂದು ಕೊಟ್ಟರೆ ಅದು ಇರೋಕೊ ಇರಬಹುದು. ಅದು ಸಾಗವಾನಿಯ ನೆಂಟನೇ ಅಲ್ಲ, ಹಳದಿ-ಕಂದು ಬಣ್ಣದ ಬೇರೆ ಮರ. ಅದರೊಳಗೆ ಅಲ್ಲಲ್ಲಿ ಸುಣ್ಣಕಲ್ಲಿನಂಥ ಗಟ್ಟಿ ಗಂಟು ಸಿಕ್ಕಿ ಗರಗಸದ ಹಲ್ಲು ಮುರಿಯುವುದೂ ಉಂಟು. ಹೀಗಾಗಿ ಬಿಲ್ಲಿನಲ್ಲಿ ಮರದ ಹೆಸರು ಸ್ಪಷ್ಟವಾಗಿ ಬರೆಸಿಕೊಳ್ಳಿ.

ಅಂಕಿಗಳಲ್ಲಿ ಹೇಳುವುದಾದರೆ, ಒಣಗಿದ ಪಡಾಕ್‌ನ ತೂಕ ಘನ ಮೀಟರಿಗೆ ಸುಮಾರು 745 ಕೆಜಿ, ಅಂದರೆ ಒಂದು ಘನ ಅಡಿಗೆ, ಅಂಗಡಿಯ ಮಾತಿನಲ್ಲಿ ಒಂದು ಸಿಎಫ್‌ಟಿಗೆ 21 ಕೆಜಿ. ಸಾಗವಾನಿಯದು 655ರ ಆಸುಪಾಸು. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಪಡಾಕ್ ವರ್ಷ ಉಂಗುರದ ಗುಂಟ ಶೇ. 5.2, ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ. 3.3 ಕುಗ್ಗುತ್ತದೆ. ಸಾಗವಾನಿಗೆ ಇದೇ ಲೆಕ್ಕ 5.3 ಮತ್ತು 2.6. ಆಕಾರ ಕಾಯ್ದುಕೊಳ್ಳುವುದರಲ್ಲಿ ಪಡಾಕ್ ಸಾಗವಾನಿಗೆ ಹತ್ತಿರದಲ್ಲೇ ನಿಲ್ಲುತ್ತದೆ, ಗಟ್ಟಿತನದಲ್ಲಿ ಮೀರುತ್ತದೆ. ತಿರುಳು ಕಟ್ಟಿಗೆಗೆ ಗೆದ್ದಲಿನ ಭಯ ಕಡಿಮೆ, ನೀರಿಗೆ ಬೇಗ ಕೊಳೆಯುವುದಿಲ್ಲ. ಎರೆ ಭೂಮಿಯ ಮೇಲೆ ಮನೆ ಕಟ್ಟಿ ಪ್ರತಿ ಮಳೆಗಾಲ ಒರಲೆಯ ಕಾಟ ಕಾಣುವವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಈ ಗುಣ ತಿರುಳಿಗೆ ಮಾತ್ರ. ಹೊರಗಿನ ಬಿಳಿ ಕಟ್ಟಿಗೆ ಕೆನೆ ಬಣ್ಣದ್ದು, ಅದು ಎಷ್ಟೋ ಇಂಚು ಅಗಲ ಇರುತ್ತದೆ. ಅದಕ್ಕೆ ಹುಳುವೂ ಬೀಳುತ್ತದೆ, ಗೆದ್ದಲೂ ಹತ್ತುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ತುದಿ ನೋಡಿ. ಹಲಗೆಯ ತುದಿಯಿಂದ ಅರ್ಧ ಇಂಚು ಕೊಯ್ಸಿ ಹೊಸ ಮುಖ ತೆಗೆಸಿ. ನಿಜವಾದ ಪಡಾಕ್ ಹೊಸ ಕೊಯ್ತದಲ್ಲಿ ಕುಂಕುಮ-ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ಮೇಲ್ಮೈಯಲ್ಲಿ ಕಂದಾಗಿದ್ದರೂ ಒಳಗೆ ಹಾಗೇ ಇರುತ್ತದೆ. ಬಿಳಿ ಕಟ್ಟಿಗೆಗೋ ಬೇರೆ ಅಗ್ಗದ ಮರಕ್ಕೋ ಬಣ್ಣ ಹಚ್ಚಿದ್ದರೆ ಕೆಂಪು ಕೂದಲೆಳೆಯಷ್ಟು ಆಳಕ್ಕೆ ನಿಂತು ಒಳಗೆ ಪೇಲವ ಕಾಣುತ್ತದೆ. ಬಿಳಿ ಬಟ್ಟೆಯ ಚೂರನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೊಸ ಕೊಯ್ತದ ಮೇಲೆ ಉಜ್ಜಿದರೆ ಪಡಾಕ್ ಕಿತ್ತಳೆ-ಕೆಂಪು ಬಿಡುತ್ತದೆ. ಅದೇ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಉಜ್ಜಿದರೆ ಬಿಡುವುದು ತೀರ ಕಡಿಮೆ. ನೀರಿಗೇ ಕೆಂಪು ಹರಿದರೆ ಮೇಲೆ ಬಣ್ಣ ಹಚ್ಚಿದ್ದಾರೆಂದು ಅನುಮಾನಿಸಿ. ಈ ಪರೀಕ್ಷೆ ಒಂದರಿಂದಲೇ ಜಾತಿ ತೀರ್ಮಾನವಾಗದು, ತೂಕವನ್ನೂ ಕೈಯಲ್ಲಿ ಹಿಡಿದು ನೋಡಿ.

ಕಾಗದದ ವಿಚಾರವೂ ಇದೆ. ಆಫ್ರಿಕಾದ ಟೆರೋಕಾರ್ಪಸ್ ಮರಗಳನ್ನೆಲ್ಲ 2022ರ ನವೆಂಬರ್‌ನಲ್ಲಿ ನಡೆದ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಸಮ್ಮೇಳನದಲ್ಲಿ ಎರಡನೇ ಪಟ್ಟಿಗೆ ಸೇರಿಸಿದರು, 2023ರ ಫೆಬ್ರುವರಿಯಿಂದ ಜಾರಿ. ವ್ಯಾಪಾರ ನಿಷೇಧವಿಲ್ಲ, ಆದರೆ ರಫ್ತು ಮಾಡುವ ದೇಶದ ಪರವಾನಗಿ ಇರಲೇಬೇಕು. ಕಾಡು ಉಳಿಯಲೆಂದು ಮಾಡಿದ ನಿಯಮ ಇದು. ಗುಲ್ಬರ್ಗದಲ್ಲಿ ಕೊಳ್ಳಿ, ಹೈದರಾಬಾದಿನಿಂದ ತರಿಸಿ, ಪಕ್ಕಾ ಬಿಲ್ಲಿನ ಜೊತೆ ಆಮದಿನ ದಾಖಲೆಯ ಪ್ರತಿ ಕೇಳಿ. ಕೊಡಲು ಹಿಂಜರಿಯುವ ಕಡೆ ಕೊಳ್ಳಬೇಡಿ.

ಅಳತೆಯಲ್ಲಿ ಒಂದು ಸೂಕ್ಷ್ಮ. ದುಂಡು ಮರವನ್ನು ಕಾಲು ಸುತ್ತಳತೆಯ ಲೆಕ್ಕದಲ್ಲಿ ಅಳೆಯುತ್ತಾರೆ: ಇಂಚಿನಲ್ಲಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿ ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು. 60 ಇಂಚು ಸುತ್ತಳತೆ, 10 ಅಡಿ ಉದ್ದದ ಬೊಡ್ಡೆ ಈ ಲೆಕ್ಕದಲ್ಲಿ 15.6 ಸಿಎಫ್‌ಟಿ. ಕೊಯ್ದ ಸೈಜಿಗೆ (ಅಳತೆಗೆ ಕೊಯ್ದ ತುಂಡಿಗೆ) ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಸಾಕು. ಎರಡು ಲೆಕ್ಕದ ದರ ಒಂದೇ ಅಲ್ಲ, ಯಾವುದರ ದರ ಹೇಳುತ್ತಿದ್ದಾರೆಂದು ಮೊದಲೇ ಕೇಳಿ.

ಒಂದು ಬಾಗಿಲಿಗೆ ಎಷ್ಟು ಬೇಕು

7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಹೊರ ಅಳತೆಯ ಚೌಕಟ್ಟನ್ನು ಉದಾಹರಣೆಗೆ ಹಿಡಿಯೋಣ. ಸೈಜು 5 × 3 ಇಂಚು. ನಿಲುವು ಎರಡು, 7 ಅಡಿಯವು. ಮೇಲಿನ ಅಡ್ಡ ಪಟ್ಟಿ ಮತ್ತು ಹೊಸ್ತಿಲು, ಗೋಡೆಯೊಳಗೆ ಹೋಗುವ ಕಿವಿ ಸೇರಿ ತಲಾ 4 ಅಡಿ. ಒಟ್ಟು 22 ಅಡಿ ಓಟ, 2.3 ಸಿಎಫ್‌ಟಿ. ಕೊಯ್ತ, ರಂದಾ ಸವಕಳಿ ಸೇರಿ 2.6 ತರಬೇಕು. ಸಿದ್ಧವಾದ ಚೌಕಟ್ಟು ಹತ್ತಿರ 48 ಕೆಜಿ ತೂಗುತ್ತದೆ, ಇಬ್ಬರು ಎತ್ತುವ ಸಾಮಾನು.

ಕದ 79 × 37 ಇಂಚು. ಬದಿ ಪಟ್ಟಿ ನಾಲ್ಕೂವರೆ ಇಂಚು ಅಗಲ, ಒಂದೂವರೆ ಇಂಚು ದಪ್ಪ. ಅಡ್ಡ ಪಟ್ಟಿ ಮೇಲೆ ನಾಲ್ಕೂವರೆ, ಬೀಗದ ಎತ್ತರಕ್ಕೆ 7, ಕೆಳಗೆ 9 ಇಂಚು. ನಡುವೆ 4 ಇಂಚಿನ ಉದ್ದ ಪಟ್ಟಿ ಕೊಟ್ಟರೆ ಹಲಗೆ ಕೂರುವ ನಾಲ್ಕು ಮನೆಗಳಾಗುತ್ತವೆ, ಪ್ರತಿ ಹಲಗೆಯ ಅಗಲ ಗಾಡಿಯೊಳಗೆ (ಹಲಗೆ ಕೂರಲು ಪಟ್ಟಿಯ ಅಂಚಿನಲ್ಲಿ ಕೊರೆದ ಸೀಳಿನೊಳಗೆ) ಹೋಗುವುದೂ ಸೇರಿ 13 ಇಂಚು. ಕದಕ್ಕೆ ಮೂರರಿಂದ ಮೂರೂಕಾಲು ಸಿಎಫ್‌ಟಿ ತಂದರೆ ಕೊರತೆ ಬೀಳದು. ನಡುಪಟ್ಟಿ ಇಲ್ಲದೆ ಎರಡೇ ದೊಡ್ಡ ಹಲಗೆ ಹಾಕಿಸುವ ಆಸೆ ಬೇಡ. ಹಲಗೆ ಅಗಲವಾದಷ್ಟೂ ಅದು ಹಿಗ್ಗಿ ಕುಗ್ಗುವ ಆಟ ಹೆಚ್ಚು.

ಒಣಗಿಸುವುದು: ಕೆಲಸದ ಅರ್ಧ ಪಾಲು ಇಲ್ಲೇ

ಕಟ್ಟಿಗೆ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ತಾನೂ ತೇವ ಹಿಡಿಯುತ್ತದೆ, ಬಿಡುತ್ತದೆ. ಕರಾವಳಿಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಒಣಗಿದ ಹಲಗೆಯಲ್ಲೂ ಶೇ. 15-16 ತೇವ ಉಳಿದಿರುತ್ತದೆ. ಅಲ್ಲಿಗೆ ಅದು ಒಣಗಿದ್ದೇ. ಆದರೆ ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಒಣ ಗಾಳಿಗೆ ಮನೆಯೊಳಗಿನ ಕಟ್ಟಿಗೆ ಶೇ. 6-7ಕ್ಕೆ ಇಳಿಯುತ್ತದೆ, ಮಳೆ ಹಿಡಿದ ಸೆಪ್ಟೆಂಬರ್‌ನಲ್ಲಿ 12-13ಕ್ಕೆ ಏರುತ್ತದೆ.

ಪಡಾಕ್ ಹಲಗೆ ಅಡ್ಡಗೊಯ್ತದ್ದಾದರೆ (ಹಲಗೆಯ ಅಗಲ ವರ್ಷ ಉಂಗುರದ ಗುಂಟ ಬರುವಂತೆ ಕೊಯ್ದದ್ದಾದರೆ) ತೇವ ಶೇ. 1 ಬದಲಾದಾಗಲೆಲ್ಲ ಅಗಲದಲ್ಲಿ ಸುಮಾರು ಶೇ. 0.19 ಬದಲಾಗುತ್ತದೆ. 13 ಇಂಚು ಅಂದರೆ 330 ಮಿಮೀ. ತೇವ 16ರಿಂದ ಆರೂವರೆಗೆ ಇಳಿದರೆ ಆ ಹಲಗೆ 6 ಮಿಮೀ ಕುಗ್ಗುತ್ತದೆ. ಮೇ ತಿಂಗಳಲ್ಲಿ ಕದದ ಸಂದಿನಿಂದ ಬೆಳಕು ಕಾಣುವುದು ಈ 6 ಮಿಮೀನಿಂದ. ಅದೇ ಹಲಗೆಯನ್ನು ಮೊದಲೇ ಇಲ್ಲಿ ಒಣಗಿಸಿಟ್ಟರೆ ಆಮೇಲೆ ವರ್ಷದುದ್ದಕ್ಕೂ ಆಡುವುದು 4 ಮಿಮೀ ಮಾತ್ರ. ಆ ನಾಲ್ಕನ್ನು ಗಾಡಿಯೊಳಗೆ ಅಡಗಿಸಬಹುದು.

ತಂದ ಕಟ್ಟಿಗೆಯನ್ನು ಅದೇ ದಿನ ಬಿಚ್ಚಿ ಜೋಡಿಸಿ. ನೆರಳಿರುವ, ಗಾಳಿ ಆಡುವ ಕೋಣೆ ಬೇಕು. ನೆಲ ಶಹಾಬಾದ್ ಪರಸಿಯದಾದರೂ ನೇರವಾಗಿ ಇಡಬೇಡಿ, 4 ಇಂಚು ಎತ್ತರದ ತುಂಡುಗಳ ಮೇಲಿಡಿ. ಪ್ರತಿ ಪದರಕ್ಕೂ ಒಂದು ಇಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಅಡ್ಡ ಕೊಡಿ. ಮೇಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲವಾದರೆ ಹಲಗೆ ಅಲೆಯಾಗಿ ಬಾಗುತ್ತದೆ. ಮೇಲೆ ಕಲ್ಲಿನ ಭಾರ ಹೇರಿ. ಎಲ್ಲ ತುದಿಗಳಿಗೂ ಮೇಣವನ್ನೋ ದಪ್ಪ ಎಣ್ಣೆ ಬಣ್ಣವನ್ನೋ ಬಳಿಯಿರಿ. ತುದಿಯಿಂದ ತೇವ ಬೇಗ ಹೊರಟುಹೋಗುತ್ತದೆ, ನಮ್ಮ ಬೇಸಿಗೆಯಲ್ಲಂತೂ ಎರಡೇ ದಿನಕ್ಕೆ ತುದಿ ಬಿರಿಯಬಹುದು. ಬಿಸಿಲಿಗೆ ಹಾಕಿದರೆ ಬೇಗ ಒಣಗೀತು ಅನ್ನುವುದು ತಪ್ಪು. ಹೊರಮೈ ಒಣಗಿ ಗಟ್ಟಿಯಾಗಿ, ಒಳಗೆ ಹಸಿ ಉಳಿದು, ರಂದಾ ಹೊಡೆದ ಮರುದಿನವೇ ಹಲಗೆ ಬಟ್ಟಲಿನಂತೆ ಬಾಗುತ್ತದೆ.

ಗಾಳಿಗೆ ಒಣಗಿ ಬಂದ ಒಂದಿಂಚಿನ ಹಲಗೆಗೆ ಚಳಿಗಾಲ, ಬೇಸಿಗೆಯಲ್ಲಿ ಎರಡು-ಮೂರು ತಿಂಗಳು ಕೊಡಿ. ಮೂರಿಂಚಿನ ಚೌಕಟ್ಟಿನ ಸೈಜಿಗೆ ಆರು ತಿಂಗಳು. ಅಡಿಪಾಯ ತೋಡುವಾಗಲೇ ಕಟ್ಟಿಗೆ ತಂದಿಟ್ಟರೆ ಕಾಯುವ ಮಾತೇ ಬರುವುದಿಲ್ಲ.

ಒಣಗಿದೆಯೋ ಇಲ್ಲವೋ ಎಂದು ತೂಕದಿಂದ ತಿಳಿಯುವ ದಾರಿ ಎಲ್ಲಕ್ಕಿಂತ ನಂಬಿಕಸ್ಥವಾದುದು. ತುದಿಯಿಂದ ಒಂದಡಿ ಒಳಗೆ ಒಂದು ಇಂಚು ದಪ್ಪದ ಬಿಲ್ಲೆ ಕೊಯ್ದು ಕೂಡಲೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 236 ಗ್ರಾಂ ಬಂತು ಅನ್ನಿ. ಅದನ್ನು ಓವನ್ನಿನಲ್ಲಿ 103-105 ಡಿಗ್ರಿಯಲ್ಲಿ ಇಟ್ಟು, ಎರಡು ತಾಸಿಗೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿರಿ. ಕೊನೆಗೆ 205 ಗ್ರಾಂ ನಿಂತರೆ ಹೋದ ನೀರು 31 ಗ್ರಾಂ. 31ನ್ನು 205ರಿಂದ ಭಾಗಿಸಿದರೆ ಶೇ. 15. ಇದು ಇನ್ನೂ ಬಾಗಿಲಿನ ಕಟ್ಟಿಗೆ ಅಲ್ಲ. 9-10ಕ್ಕೆ ಬಂದಾಗ ಕೆಲಸ ಹಿಡಿಯಿರಿ. ಪಿನ್ನು ಚುಚ್ಚುವ ಮೀಟರ್ ಬಳಸುವವರು ಹೊರಮೈಯಲ್ಲಿ ಅಲ್ಲ, ಆಗಷ್ಟೇ ಕೊಯ್ದ ಒಳಮುಖದಲ್ಲಿ ಚುಚ್ಚಬೇಕು.

ಕೊಯ್ತ, ರಂದಾ, ಧೂಳು

ಪಡಾಕ್ ಗರಗಸಕ್ಕೆ, ರಂದಾಕ್ಕೆ ಚೆನ್ನಾಗಿ ಬಗ್ಗುತ್ತದೆ. ತೊಂದರೆ ಬರುವುದು ಎಳೆ ಅತ್ತಿತ್ತ ಹೆಣೆದುಕೊಂಡ ಕಡೆ. ಅಲ್ಲಿ ರಂದಾ ಸಣ್ಣ ಸಣ್ಣ ಚಕ್ಕೆ ಕೀಳುತ್ತದೆ. ಅಲಗು ಹೊಸದಾಗಿ ಮಸೆದು, ತೆಳು ಪದರ ತೆಗೆಯಿರಿ, ಮಷಿನ್ನಿಗೆ ಹಲಗೆಯನ್ನು ನಿಧಾನ ಕೊಡಿ. ಅದಕ್ಕೂ ಬಗ್ಗದಿದ್ದರೆ ಸ್ಕ್ರೇಪರ್‌ನಿಂದ ಕೆರೆದು ಮುಗಿಸಿ. ರಂದಾ ಒಂದೇ ದಿನ ಪೂರ್ತಿ ಮಾಡಬೇಡಿ. ಮೊದಲು ಎರಡೂ ಮುಖದಿಂದ ಸಮನಾಗಿ ತೆಗೆದು 3 ಮಿಮೀ ಹೆಚ್ಚು ಉಳಿಸಿ, ನಾಲ್ಕೈದು ದಿನ ಗಾಳಿಗೆ ನಿಲ್ಲಿಸಿ, ಆಮೇಲೆ ಅಳತೆಗೆ ತನ್ನಿ.

ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಈ ಕುಲದ ಮರಗಳ ಧೂಳಿಗೆ ಕೆಲವರ ಚರ್ಮ ತುರಿಸುತ್ತದೆ, ಕಣ್ಣು ಉರಿಯುತ್ತದೆ, ಉಬ್ಬಸ ಬರುತ್ತದೆ. ಒಮ್ಮೆ ಒಗ್ಗದಾದರೆ ಮುಂದೆ ಸ್ವಲ್ಪ ಧೂಳಿಗೂ ಕೆರಳುತ್ತದೆ. ಹೆಗಲ ಟವೆಲ್ ಮೂಗಿಗೆ ಸುತ್ತಿದರೆ ಸಾಲದು, ಎನ್95 ಮಾಸ್ಕ್, ಕನ್ನಡಕ ಕೊಡಿಸಿ. ಬಡಿಗೇರರು ಕೇಳುವುದಿಲ್ಲ, ಮನೆಯವರೇ ತಂದಿಡಬೇಕು. ಸುಣ್ಣ ಬಳಿದ ಗೋಡೆ, ಪುಟ್ಟಿ ಹಚ್ಚಿದ ಕೋಣೆ ಇರುವ ಕಡೆ ಕೊಯ್ಯಲೂ ಬೇಡಿ. ಕಿತ್ತಳೆ ಧೂಳು ಒಮ್ಮೆ ಕೂತರೆ ಸುಲಭಕ್ಕೆ ಹೋಗದು.

ಚೌಕಟ್ಟು

ಹೊಸ್ತಿಲಿಗೆ ಇರುವುದರಲ್ಲೇ ಒಳ್ಳೆಯ ತುಂಡು ಎತ್ತಿಡಿ, ಬಿಳಿ ಕಟ್ಟಿಗೆಯ ಗೆರೆಯೂ ಇರಬಾರದು. ದಿನಾ ನೀರು, ಅರಿಶಿನ-ಕುಂಕುಮ, ಕಾಲಿನ ಸವೆತ ಎಲ್ಲ ಅದರ ಮೇಲೆಯೇ. ನಾಲ್ಕು ಮೂಲೆಯಲ್ಲಿ ಒಂದು ಇಂಚು ದಪ್ಪದ ಟೆನನ್ ಕೂಡಿಕೆ (ಒಂದು ತುಂಡಿನ ತುದಿಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂರುವ ಕೂಡಿಕೆ) ಮಾಡಿ ಮರದ ಗೂಟ ಬಡಿಯಿರಿ. ಕದ ಕೂರುವ ಹಿನ್ನು, ಅಂದರೆ ಚೌಕಟ್ಟಿನ ಅಂಚಿನಲ್ಲಿ ಕಡಿದ ಮೆಟ್ಟಿಲು, ಒಂದೂವರೆ ಇಂಚು ಅಗಲ, ಅರ್ಧ ಇಂಚು ಆಳ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದ ಮೇಲೆ ಓರೆ ಪಟ್ಟಿ ಹೊಡೆದು ಬಿಗಿ ಮಾಡಿ.

ಗೋಡೆಗೆ ಕೂರಿಸುವ ಮುನ್ನ ಒಂದು ಕೆಲಸ ತಪ್ಪಬಾರದು: ಸುತ್ತ ನಾಲ್ಕೂ ಮುಖಕ್ಕೆ ಎರಡು ಕೋಟು ಸೀಲರ್, ಗೋಡೆಗೆ ತಾಗುವ ಮುಖಕ್ಕೆ ಬಿಟುಮೆನ್. ಪಡಾಕ್‌ನ ಕೆಂಪು ತಣ್ಣೀರಿಗೆ ಕರಗದು, ಕ್ಷಾರಕ್ಕೆ ಕರಗುತ್ತದೆ. ಹಸಿ ಸಿಮೆಂಟು, ಸುಣ್ಣ ಎರಡೂ ಕ್ಷಾರವೇ. ಬೋಳು ಪಡಾಕ್ ಮೇಲೆ ಸಿಮೆಂಟು ಹಾಲು ಇಳಿದರೆ ನೇರಳೆ ಕಲೆ ಬಿದ್ದು, ಪಕ್ಕದ ಪ್ಲಾಸ್ಟರಿಗೂ ಹತ್ತುತ್ತದೆ. ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಪ್ರತಿ ಬದಿಗೆ ಮೂರು: ಮೇಲಿನಿಂದ ಒಂದಡಿ, ನಡುವೆ, ಕೆಳಗಿನಿಂದ ಒಂದಡಿ. ಕ್ಯೂರಿಂಗ್‌ಗೆ ನೀರು ಹೊಡೆಯುವ ವಾರಗಳಲ್ಲಿ ಚೌಕಟ್ಟು ನೆನೆಯದಂತೆ ಮುಚ್ಚಿ. ಆರು ತಿಂಗಳು ಒಣಗಿಸಿದ್ದನ್ನು ಒಂದೇ ವಾರದಲ್ಲಿ ನೆನೆಸಿಬಿಡುವುದು ನಮ್ಮ ಕಡೆ ದಿನಾ ನಡೆಯುವ ತಪ್ಪು. ಪ್ಲಾಸ್ಟರ್ ಒಣಗಿದ ಮೇಲೆ ಬೋಲ್ಟು ಹಾಕಿ ಕೂರಿಸಲು ಮೇಸ್ತ್ರಿ ಒಪ್ಪಿದರೆ ಅದೇ ಎಲ್ಲಕ್ಕಿಂತ ಚೆಂದ.

ಕದ

ಪಟ್ಟಿಗಳಿಗೆ ಎಳೆ ನೇರ ಇರುವ ತುಂಡುಗಳನ್ನು ಆರಿಸಿ, ಚಿತ್ತಾರ ಇರುವವನ್ನು ಹಲಗೆಗೆ ಬಿಡಿ. ಟೆನನ್ ಅರ್ಧ ಇಂಚು ದಪ್ಪ, ಮೂರು ಇಂಚು ಆಳ. ಕೆಳಗಿನ 9 ಇಂಚಿನ ಪಟ್ಟಿಗೆ ಒಂದೇ ಅಗಲದ ಟೆನನ್ ಕೊಟ್ಟರೆ ಅದು ಕುಗ್ಗುವಾಗ ಕೂಡಿಕೆ ಸಡಿಲುತ್ತದೆ. ಮೂರು ಮೂರು ಇಂಚಿನ ಎರಡು ಮಾಡಿ.

ಹಲಗೆಗೆ ಗಾಡಿ ಅರ್ಧ ಇಂಚು ಆಳ. ಮೇ ತಿಂಗಳಲ್ಲಿ ಜೋಡಿಸುತ್ತಿದ್ದರೆ ಹಲಗೆ ಒಣಗಿ ಚಿಕ್ಕದಾಗಿದೆ, ಮುಂದೆ ಹಿಗ್ಗುತ್ತದೆ. ಹಾಗಾಗಿ ಎರಡೂ ಬದಿಗೆ ಗಾಡಿಯ ತಳದಲ್ಲಿ ಎರಡೂವರೆ ಮಿಮೀ ಜಾಗ ಬಿಡಿ. ಸೆಪ್ಟೆಂಬರ್‌ನಲ್ಲಿ ಜೋಡಿಸಿದರೆ ಒಂದು ಮಿಮೀ ಸಾಕು. ಹಲಗೆಗೆ ಫೆವಿಕಾಲ್ ತಾಗಲೇಬಾರದು, ಮೊಳೆಯನ್ನೂ ಹೊಡೆಯಬಾರದು. ಅಂಟಿದ ಹಲಗೆಗೆ ಆಡಲು ದಾರಿ ಸಿಗದೆ ನಟ್ಟನಡುವೆ ಸೀಳುತ್ತದೆ.

ಇನ್ನೊಂದು, ಈ ಮರಕ್ಕೆ ವಿಶೇಷವಾದದ್ದು: ಹಲಗೆಯ ಅಂಚುಗಳಿಗೆ ಜೋಡಿಸುವ ಮುನ್ನವೇ ಪಾಲಿಶ್ ಕೊಡಿ. ಇಲ್ಲದಿದ್ದರೆ ಮೊದಲ ಬೇಸಿಗೆಗೆ ಹಲಗೆ ಕುಗ್ಗಿದಾಗ ಗಾಡಿಯೊಳಗೆ ಬೆಳಕು ಕಾಣದೆ ಉಳಿದ ಅಂಚು ಹೊರಗೆ ಇಣುಕುತ್ತದೆ. ಕಂದಾದ ಹಲಗೆಯ ಸುತ್ತ ದಾರ ಎಳೆದಂತೆ ಹಸಿ ಕಿತ್ತಳೆ ಗೆರೆ, ಬೋಳಾಗಿ.

ಅಂಟಿಗೆ ನೀರು ತಡೆಯುವ ಬಗೆಯ ಫೆವಿಕಾಲ್. ರಂದಾ ಹೊಡೆದ ದಿನವೇ ಅಂಟಿಸಿದರೆ ಹಿಡಿತ ಚೆನ್ನ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಹಚ್ಚಿದ ಅಂಟು ಕ್ಲಾಂಪ್ ಬಿಗಿಯುವಷ್ಟರಲ್ಲಿ ಕೆನೆಗಟ್ಟುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಒಂದು ದಿನ ಕ್ಲಾಂಪ್ ಬಿಚ್ಚಬೇಡಿ.

ಪಾಲಿಶ್

80, 120, 180, 240ರ ಕಾಗದ ಕ್ರಮವಾಗಿ. ಆಮೇಲೆ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದು, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಪಿರಿಟ್‌ನಿಂದ ಒರೆಸಬೇಡಿ, ಕೆಂಪೆಲ್ಲ ಎದ್ದು ಬರುತ್ತದೆ. ಇದೇ ಕಾರಣಕ್ಕೆ ಚಂದ್ರಸ ಎಂಬ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ಉಜ್ಜುವ ಹಳೆ ಪಾಲಿಶ್ ಇಲ್ಲಿ ಕೈಕೊಡುತ್ತದೆ. ಪಕ್ಕದಲ್ಲಿ ಬಿಳಿ ಕಟ್ಟಿಗೆಯ ಬೀಡಿಂಗ್ ಇದ್ದರೆ ಅದಕ್ಕೆಲ್ಲ ಕಿತ್ತಳೆ ಬಳಿದುಕೊಳ್ಳುತ್ತದೆ. ಆ ಪಾಲಿಶೇ ಬೇಕೆಂದರೆ ಮೊದಲ ಎರಡು ಕೋಟು ಮಂಜಿನಂತೆ ತೆಳ್ಳಗೆ ಸ್ಪ್ರೇ ಮಾಡಿ, ಒಣಗಿದ ಮೇಲೆ ಬಟ್ಟೆ ಹಿಡಿಯಿರಿ.

ಹೊರಬಾಗಿಲಿಗೆ ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೋಟು, ಕದದ ಮೇಲಂಚು, ಕೆಳಂಚು, ಬೀಗದ ತೂತಿನ ಒಳಗೂ ಸೇರಿ. ಒಂದು ಮುಖಕ್ಕೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಕದ ಬಾಗುತ್ತದೆ. ಹೀಗೆ ಮಾಡಿದರೂ ಬಣ್ಣ ಕಂದಾಗುವುದು ನಿಧಾನವಾಗುತ್ತದೆ ಅಷ್ಟೆ, ನಿಲ್ಲುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲು ಇನ್ನೂ ಬೇಗ ಕಂದಾಗುತ್ತದೆ. ಹೊಸ ಕದಕ್ಕೆ ಮೊದಲ ವರ್ಷ ಕ್ಯಾಲೆಂಡರ್, ಸ್ಟಿಕರ್, ಫಲಕ ಏನೂ ಅಂಟಿಸಬೇಡಿ. ತೆಗೆದ ಮೇಲೆ ಅದೇ ಆಕಾರದ ಕೆಂಪು ಚೌಕ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಂಪೇ ಶಾಶ್ವತ ಬೇಕೆನ್ನುವವರಿಗೆ ಈ ಮರ ಬೇಡ. ಕಂದು ಬಂದ ಪಡಾಕ್ ಹಳೆಯ ಬೀಟೆಯಂತೆ ಗಂಭೀರವಾಗಿ ಕಾಣುತ್ತದೆ, ಅದು ಒಪ್ಪಿಗೆಯಾದರೆ ಕೊಳ್ಳಿ.

ಕೂರಿಸುವುದು

ಕದ 45-50 ಕೆಜಿ ಬರುತ್ತದೆ. ಮೂರು ಬಿಜಾಗರಿ ಸಾಲವು, 5 ಇಂಚಿನವು ನಾಲ್ಕು ಹಾಕಿ, ಎರಡು ಮೇಲ್ಭಾಗದಲ್ಲೇ ಇರಲಿ. 10 ನಂಬರಿನ ಸ್ಕ್ರೂಗೆ ಮೂರೂವರೆ ಮಿಮೀ ತೂತು ಮೊದಲೇ ಕೊರೆಯಿರಿ, ಇಲ್ಲವಾದರೆ ಕಟ್ಟಿಗೆ ಸೀಳೀತು ಇಲ್ಲವೇ ಹಿತ್ತಾಳೆ ಸ್ಕ್ರೂವಿನ ತಲೆ ಮುರಿದೀತು. ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ದಾರಿ ಮಾಡಿ, ಸಾಬೂನು ಸವರಿ, ಆಮೇಲೆ ಹಿತ್ತಾಳೆಯದನ್ನು ಕೂರಿಸಿ.

ಸಂದಿನ ಲೆಕ್ಕ ತಿಂಗಳಿನ ಮೇಲಿದೆ. ಕದದ ಅಗಲದಲ್ಲಿ ಆಡುವುದು ಎರಡು ಬದಿ ಪಟ್ಟಿಗಳು ಮಾತ್ರ, ಸೇರಿ 9 ಇಂಚು, ಅವು ವರ್ಷಕ್ಕೆ ಎರಡೂವರೆ ಮಿಮೀ ಹಿಗ್ಗಿ ಕುಗ್ಗುತ್ತವೆ. ಏಪ್ರಿಲ್-ಮೇನಲ್ಲಿ ಕೂರಿಸಿದರೆ ಬೀಗದ ಬದಿಗೆ 4 ಮಿಮೀ ಬಿಡಿ. ಡಿಸೆಂಬರ್‌ನಲ್ಲಿ 3. ಸೆಪ್ಟೆಂಬರ್‌ನಲ್ಲಿ 2 ಸಾಕು. ಗೃಹಪ್ರವೇಶ ಬೇಸಿಗೆಯಲ್ಲಿ ಬಂದಾಗ ಸಂದು ದೊಡ್ಡದಾಯಿತೆಂದು ಮನೆಯವರು ಗೊಣಗುವುದು ಸಹಜ. ಸೆಪ್ಟೆಂಬರ್‌ವರೆಗೆ ಕಾಯಲು ಹೇಳಿ.

ಆ ಮೊದಲ ಸೆಪ್ಟೆಂಬರ್‌ನಲ್ಲಿ ಕದ ಹಿಡಿದರೆ ಕೂಡಲೇ ರಂದಾ ಎತ್ತಬೇಡಿ. ಮೊದಲು ಬಿಜಾಗರಿಯ ಸ್ಕ್ರೂ ಬಿಗಿದು ನೋಡಿ, ಭಾರಕ್ಕೆ ಕದ ಜೋತಿರುತ್ತದೆ. ಎಲ್ಲಿ ತಾಗುತ್ತಿದೆ ಎಂಬುದನ್ನು ಸಂದಿನಲ್ಲಿ ಕಾರ್ಬನ್ ಕಾಗದ ಇಟ್ಟು ಬಾಗಿಲು ಹಾಕಿ ಗುರುತು ತೆಗೆಯಿರಿ. ತಾಗಿದಷ್ಟೇ ಜಾಗದಲ್ಲಿ, ಬೀಗದ ಬದಿಯಿಂದ ಮಾತ್ರ, ಒಂದು ಮಿಮೀಗಿಂತ ಹೆಚ್ಚಿಲ್ಲದಂತೆ ತೆಗೆಯಿರಿ, ಹೆಚ್ಚು ತೆಗೆದರೆ ಮೇ ತಿಂಗಳಿಗೆ ಸಂದು ಬಾಯಿ ಬಿಡುತ್ತದೆ. ರಂದಾ ತಾಗಿದ ಅಂಚಿಗೆ ಅದೇ ದಿನ, ಸಂಜೆಯೊಳಗೆ, ಎರಡು ಕೋಟು ಪಿಯು ಕೊಡಿ. ಬೋಳು ಬಿಟ್ಟರೆ ಮಳೆಗಾಲದ ಉಳಿದ ತೇವವೆಲ್ಲ ಆ ಅಂಚಿನಿಂದಲೇ ಒಳಗೆ ಹೋಗುತ್ತದೆ, ಹದಿನೈದು ದಿನಕ್ಕೆ ಕದ ಮತ್ತೆ ಹಿಡಿಯುತ್ತದೆ.